ಇಳಿಯೋಕೂ ಇಂಧನ ಸುಟ್ಟರೆ ಲಾಭ ಎಲ್ಲಿದೆ?

ಪ್ರಶ್ನೆ: "ಸರ್, ವಾಪಸ್ ಇಳಿಯೋ ರಾಕೆಟ್ ಇಳಿಯೋಕೂ ಇಂಧನ ಸುಡುತ್ತೆ. ಹಂಗಾದ್ರೆ ಹಳೇ ದೊಡ್ಡ ರಾಕೆಟ್‌ಗಳೇ ಲಾಭ ಅಲ್ವಾ?"

ಕಲಬುರಗಿಯಲ್ಲಿ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ತೂಕದ ಮಾತು ಮೊದಲು ಮುಗಿಸೋಣ. 1969ರಲ್ಲಿ ಮನುಷ್ಯರನ್ನು ಚಂದ್ರನಿಗೆ ಕಳಿಸಿದ ಸ್ಯಾಟರ್ನ್ 5 ಭೂಮಿಯ ಹತ್ತಿರದ ಕಕ್ಷೆಗೆ ಸುಮಾರು 140 ಟನ್ ಒಯ್ಯುತ್ತಿತ್ತು. ಈಗಿನ ವಾಪಸ್ ಇಳಿಯೋ ರಾಕೆಟ್ ಫಾಲ್ಕನ್ 9, ವಾಪಸ್ ಇಳಿಸದೆ ಹಾರಿಸಿದರೂ, ಹೆಚ್ಚೆಂದರೆ 22.8 ಟನ್. ಬಲದಲ್ಲಿ ಹಳೆಯದೇ ದೊಡ್ಡದು, ಸರಿ.

ಆದರೆ ಲಾಭ? ರಾಕೆಟ್‌ನಲ್ಲಿ ದುಬಾರಿ ಅಂದರೆ ಇಂಧನ ಅಂತ ಎಲ್ಲರ ತಲೆಯಲ್ಲೂ ಕೂತಿದೆ. ಅದು ತಪ್ಪು. ಫಾಲ್ಕನ್ 9 ಸುಡುವುದು ಒಂದು ಬಗೆಯ ಸೀಮೆಎಣ್ಣೆ, ಜೊತೆಗೆ ದ್ರವ ಆಮ್ಲಜನಕ. ಒಂದು ಹಾರಾಟದ ಖರ್ಚಿನಲ್ಲಿ ಇವುಗಳ ಪಾಲು ನೂರಕ್ಕೆ ಒಂದೂ ಆಗಲ್ಲ. ಹಣವೆಲ್ಲ ಇರುವುದು ಎಂಜಿನ್ನಿನಲ್ಲಿ, ಟ್ಯಾಂಕಿನಲ್ಲಿ, ಯಂತ್ರಗಳಲ್ಲಿ. ಅದರ ಒಟ್ಟು 10 ಎಂಜಿನ್‌ಗಳಲ್ಲಿ 9 ಕೆಳಗಿನ ಹಂತದಲ್ಲೇ, ಅಂದರೆ ಮೊದಲು ಉರಿದು ನಡುದಾರಿಯಲ್ಲಿ ಕಳಚಿಕೊಳ್ಳುವ ಕೆಳಭಾಗದಲ್ಲೇ, ಇವೆ. ವಾಪಸ್ ಬರುವುದು ಆ ಹಂತವೇ. ಸ್ಯಾಟರ್ನ್ 5ರ 11 ಎಂಜಿನ್‌ಗಳಲ್ಲಿ ಒಂದೂ ಮತ್ತೆ ಹಾರಲಿಲ್ಲ. 110 ಮೀಟರ್ ಎತ್ತರದ ರಾಕೆಟ್‌ನಿಂದ ಮನೆಗೆ ಬಂದದ್ದು ಮೂವರು ಕೂತಿದ್ದ ಪುಟ್ಟ ಗೂಡು ಮಾತ್ರ.

ನಮ್ಮ ಗಂಜ್‌ನಿಂದ ತೊಗರಿ ಹೊತ್ತ ಲಾರಿ ಬೆಂಗಳೂರಿಗೆ ಹೋಗುತ್ತೆ. ವಾಪಸ್ ಬರೋ ಡೀಸೆಲ್ ಉಳಿಸೋಕೆ ಯಾರಾದರೂ ಲಾರಿಯನ್ನೇ ಅಲ್ಲಿ ಬಿಟ್ಟು ಬರುತ್ತಾರಾ?

ಇಳಿಯುವಾಗ ಬೇಕಾಗುವ ಇಂಧನವೂ ನೀವು ಅಂದುಕೊಂಡಷ್ಟಿಲ್ಲ. ಹೊರಡುವಾಗ ಆ ಹಂತದಲ್ಲಿ ಸುಮಾರು 400 ಟನ್ ಇಂಧನ. ಎರಡೂವರೆ ನಿಮಿಷದಲ್ಲಿ ಬಹುಪಾಲು ಖಾಲಿ. ಖಾಲಿ ಕೊಡ ಇಳಿಸೋಕೆ ತುಂಬಿದ ಕೊಡದಷ್ಟು ಬಲ ಬೇಡ. ವೇಗದ ದೊಡ್ಡ ಪಾಲನ್ನು ಗಾಳಿಯೇ ಇಳಿಸುತ್ತೆ. ಕೊನೆಗೆ ಸಾಮಾನ್ಯವಾಗಿ ಒಂದೇ ಎಂಜಿನ್ ಉರಿದರೆ ಸಾಕು. ಹೌದು, ಇದರಿಂದ ಒಯ್ಯುವ ತೂಕ 17 ಟನ್ ಆಸುಪಾಸಿಗೆ ಇಳಿಯುತ್ತೆ. ನಷ್ಟ ಅಂದರೆ ಅಷ್ಟೇ.

ವಾಪಸ್ ಬಂದ ಮಾತ್ರಕ್ಕೆ ಅಗ್ಗ ಅಂತಲೂ ಅಲ್ಲ. ಅಮೆರಿಕದ ಸ್ಪೇಸ್ ಶಟಲ್ 1981ರಿಂದ 2011ರವರೆಗೆ 135 ಸಲ ಹಾರಿತು. ಪ್ರತಿ ಸಲ ಬಂದ ಮೇಲೆ ಶಾಖ ತಡೆಯುವ ಸಾವಿರಾರು ಬಿಲ್ಲೆಗಳ ತಪಾಸಣೆ, ಎಂಜಿನ್ ರಿಪೇರಿ. ತಿಂಗಳುಗಟ್ಟಲೆ ಕೆಲಸ, ಖರ್ಚು ಜಾಸ್ತಿ. ಬೇಗ ಮತ್ತೆ ಹಾರಿಸೋಕೆ ಆಗಬೇಕು, ಲಾಭ ಇರುವುದು ಅಲ್ಲಿ.

ಇದನ್ನು ಹೇಳುವಾಗೆಲ್ಲ ನನಗೆ ಇನ್ನೊಂದು ವಿಷಯ ಹೇಳಬೇಕು ಅನಿಸುತ್ತೆ. ನಮ್ಮ ಕಡೆ ಇಷ್ಟು ಬಯಲಿದೆ, ಇಲ್ಲಿಂದಲೇ ಯಾಕೆ ಹಾರಿಸಬಾರದು? ಭೂಮಿ ಪೂರ್ವಕ್ಕೆ ತಿರುಗುತ್ತೆ. ಆ ವೇಗ ಪುಕ್ಕಟೆ ಸಿಗಲಿ ಅಂತ ರಾಕೆಟ್ಟನ್ನು ಸಾಮಾನ್ಯವಾಗಿ ಪೂರ್ವಕ್ಕೆ ಹಾರಿಸುತ್ತಾರೆ. ಶ್ರೀಹರಿಕೋಟಾದ ಪೂರ್ವಕ್ಕೆ ಬಂಗಾಳ ಕೊಲ್ಲಿ. ಕಳಚಿದ ಹಂತ ನೀರಿಗೆ ಬೀಳುತ್ತೆ. ಕಲಬುರಗಿಯ ಪೂರ್ವಕ್ಕೆ ಸೇಡಂ, ತಾಂಡೂರು, ಆಮೇಲೆ ನೇರ ಹೈದರಾಬಾದ್. ಕೆಳಗಿನ ಹಂತ ವಾಪಸ್ ಬರುವಂಥದ್ದೇ ಇರಲಿ, ನಡುದಾರಿಯಲ್ಲಿ ಕೆಟ್ಟರೆ ಬೀಳುವುದು ಆ ಊರುಗಳ ಮೇಲೇ.