ಈ ಸೈಕಲ್ ಕಟ್ಟಿದ್ದು ಯಾರು?

ಹಳೇ ಇಂಗ್ಲಿಷ್ ರೇಸ್ ಸೈಕಲ್ ಒಂದು ಮಾರಾಟಕ್ಕೆ ಬಂತು ಅಂದರೆ ಸಾಕು, ಸಂಗ್ರಹಕಾರರ ತಕರಾರು ಶುರು. ಪೇಂಟ್ ಒರಿಜಿನಲ್ಲಾ? ಸ್ಟಿಕ್ಕರ್ ಯಾವಾಗ ಅಂಟಿಸಿದ್ದು? ಪೈಪಿನ ಮೇಲೆ ಹೆಸರಿರುವವರೇ ಕಟ್ಟಿದ್ದಾ, ಇಲ್ಲಾ ಬೇರೆ ಯಾರೋ ಕಟ್ಟಿಕೊಟ್ಟಿದ್ದಾ? ಹೊರಗಿನವರಿಗೆ ಇದೆಲ್ಲ ಹುಚ್ಚಾಟ ಅನ್ನಿಸುತ್ತದೆ. ಹಾಗೆ ಅನ್ನಿಸುವುದರಲ್ಲಿ ತಪ್ಪೂ ಇಲ್ಲ. ಆದರೆ ಈ ಗೋಜಲಿನ ಎಳೆ ಹಿಡಿದು ಹೋದರೆ 1890ಕ್ಕೆ ಮುಟ್ಟುತ್ತೇವೆ.

ಆ ವರ್ಷ ಬ್ರಿಟನ್ನಿನ ನ್ಯಾಷನಲ್ ಸೈಕ್ಲಿಸ್ಟ್ಸ್ ಯೂನಿಯನ್ ರಸ್ತೆ ಮೇಲೆ ರೇಸೇ ಬೇಡ ಅಂದಿತು. ಗುಂಪು ಕಟ್ಟಿಕೊಂಡು ನುಗ್ಗಿದರೆ ರಸ್ತೆ ಮೇಲೆ ಸೈಕಲ್ಲನ್ನೇ ನಿಷೇಧಿಸಿಯಾರು ಎಂಬ ಭಯ. ಸವಾರರು ಒಂದು ದಾರಿ ಕಂಡುಕೊಂಡರು. ನಿಮಿಷಕ್ಕೊಬ್ಬರಂತೆ ಹೊರಡುವುದು, ಯಾರು ಕಮ್ಮಿ ಹೊತ್ತಲ್ಲಿ ಮುಗಿಸುತ್ತಾರೋ ಅವರು ಗೆದ್ದ ಹಾಗೆ. ಬೆಳಗಿನ ಜಾವದ ಓಟ, ಕತ್ತಿನಿಂದ ಪಾದದ ತನಕ ಕಪ್ಪು ಬಟ್ಟೆ, ದಾರಿಗೆ ಹೆಸರಿನ ಬದಲು ಕೋಡ್ ನಂಬರ್. ಸವಾರರ ಪಟ್ಟಿಯ ಮೇಲೆ ‘ಖಾಸಗಿ ಮತ್ತು ಗೋಪ್ಯ’ ಅಂತ ಅಚ್ಚು. ಕಳ್ಳಬಟ್ಟಿ ಕಾಯಿಸುವವರೂ ಇಷ್ಟು ಗುಟ್ಟು ಮಾಡುತ್ತಿರಲಿಲ್ಲವೇನೋ.

ಹೀಗೆ ಒಂಟಿಯಾಗಿ ತುಳಿಯುವವನಿಗೆ ಸೈಕಲ್ ಹಗುರಾಗಿರಬೇಕು, ಮೈ ಅಳತೆಗೆ ಸರಿಯಾಗಿ ಕೂರಬೇಕು. ಇಪ್ಪತ್ತು ಕೆಜಿ ಹತ್ತಿರ ತೂಗುವ ಕಾರ್ಖಾನೆಯ ಸೈಕಲ್ಲಿನಿಂದ ಅದು ಆಗುವ ಮಾತಲ್ಲ. ಹಾಗಾಗಿ ಲಂಡನ್, ಬರ್ಮಿಂಗ್‌ಹ್ಯಾಂ, ಲೀಡ್ಸ್ ಕಡೆಯೆಲ್ಲ ಸಣ್ಣ ಸಣ್ಣ ಶಾಪ್‌ಗಳು ಹುಟ್ಟಿಕೊಂಡವು. ಟೈಲರ್ ಅಂಗಡಿ ಇದ್ದ ಹಾಗೆ. ಅಳತೆ ಕೊಟ್ಟು ಬಂದರೆ ಕೆಲವು ವಾರಕ್ಕೆ ಫ್ರೇಮ್ ರೆಡಿ.

ಪೈಪು ಹೆಚ್ಚಾಗಿ ಬರುತ್ತಿದ್ದುದು ಬರ್ಮಿಂಗ್‌ಹ್ಯಾಂನ ರೇನಾಲ್ಡ್ಸ್‌ನಿಂದ. ಮೊದಲು ಮೊಳೆ ಮಾಡುತ್ತಿದ್ದ ಮನೆತನ ಅದು. ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುವೆ ತೆಳು ಇರುವ ಪೈಪಿಗೆ 1897ರಲ್ಲಿ ಅವರು ಪೇಟೆಂಟ್ ಪಡೆದರು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 1935ರಲ್ಲಿ ಮ್ಯಾಂಗನೀಸ್, ಮಾಲಿಬ್ಡಿನಂ ಬೆರೆಸಿದ ಉಕ್ಕಿನ ‘531’ ಪೈಪು ಬಂತು. ಮುಂದೆ ಸುಮಾರು ನಲವತ್ತು ವರ್ಷ ಒಳ್ಳೇ ಸೈಕಲ್ ಅಂದರೆ 531. ಅಂದಹಾಗೆ, ರೇನಾಲ್ಡ್ಸ್ ಅನ್ನು 1928ರಲ್ಲಿ ಕೊಂಡದ್ದು ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್. ಅದೇ ಕಂಪನಿ 1949ರಲ್ಲಿ ಮುರುಗಪ್ಪ ಮನೆತನದ ಜೊತೆ ಸೇರಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರು ಮಾಡಿತು. ನಾವು ಒಳಪೆಡಲ್ ಹೊಡೆದು ಮಂಡಿ ತರಚಿಕೊಂಡ ಹರ್ಕ್ಯುಲಿಸ್ ಈ ಹಗುರ ಸೈಕಲ್ಲುಗಳಿಗೆ ದೂರದ ನೆಂಟ. ತೂಕದಲ್ಲಿ ಮಾತ್ರ ಯಾವ ನೆಂಟಸ್ತಿಕೆಯೂ ಇಲ್ಲ.

ಫ್ರೇಮ್ ಕಟ್ಟುವ ಕೆಲಸ ನೋಡೋಣ. ಪೈಪುಗಳು ಸೇರುವ ಸಂದಿಗೆ ಹಾಕುವ ಉಕ್ಕಿನ ಕಾಲರಿಗೆ ಲಗ್ ಅನ್ನುತ್ತಾರೆ. ಪೈಪಿನ ತುದಿಯನ್ನು ಅರೆಚಂದ್ರದ ಹಾಗೆ ಅರದಿಂದ ತೀಡಿ, ಲಗ್ ಒಳಗೆ ಕೂರಿಸಿ, ಕೆಂಪಗೆ ಕಾಯಿಸಿ ಹಿತ್ತಾಳೆ ಕರಗಿಸಿ ಬಿಡುತ್ತಾರೆ. ಮುರಿದ ಕ್ಯಾರಿಯರ್‌ಗೆ ನಾವು ಹಿತ್ತಾಳೆ ವೆಲ್ಡಿಂಗ್ ಮಾಡಿಸುತ್ತಿದ್ದೆವಲ್ಲ, ಹೆಚ್ಚೂಕಮ್ಮಿ ಅದೇ. ಶಾಖ ಜಾಸ್ತಿಯಾದರೆ ತೆಳು ಪೈಪಿನ ಕಸುವು ಹೋಯಿತು. ಕಮ್ಮಿಯಾದರೆ ಹಿತ್ತಾಳೆ ಒಳಗೆ ಹರಿಯುವುದಿಲ್ಲ. ಬಣ್ಣ ನೋಡಿಯೇ ಅಂದಾಜು ಮಾಡಬೇಕು.

ಇಂಥ ಕೈಗಳಲ್ಲಿ ಹೆಸರು ಉಳಿದಿರುವುದು ಕೆಲವರದ್ದೇ. ಜ್ಯಾಕ್ ಡೆನ್ನಿ ಅವರಲ್ಲೊಬ್ಬರು. ರಷ್ಯಾದಿಂದ ವಲಸೆ ಬಂದ ಹೈಮನ್ ಹೆಚಿನ್ ಲಂಡನ್ನಿನ ಟಾಟನ್‌ಹ್ಯಾಂನಲ್ಲಿ ಸಂಗೀತದ ಸಾಮಾನಿನ ಜೊತೆ ಸೈಕಲ್ಲನ್ನೂ ಮಾರುತ್ತಿದ್ದರು. ಫ್ರೇಮ್ ಕಟ್ಟಿದ್ದು ಡೆನ್ನಿ. ಪೈಪಿನ ಮೇಲೆ ಬಂದದ್ದು ‘ಹೆಚಿನ್ಸ್’. 1930ರ ದಶಕದ ನಡುವಿನಲ್ಲಿ ಇವರು ಹಿಂದಿನ ಚಕ್ರ ಹಿಡಿಯುವ ಸಣ್ಣ ಪೈಪುಗಳನ್ನು ಹಾವಿನ ಹಾಗೆ ಬಾಗಿಸಿದರು. ಕುಲುಕಾಟ ತಡೆಯುತ್ತದೆ ಅಂತ ಕಂಪನಿಯ ಮಾತು. ಪತ್ರಿಕೆಯ ಫೋಟೋದಲ್ಲಿ ಸೈಕಲ್ಲಿನ ಹೆಸರು ಕಾಣಬಾರದಿತ್ತು, ಆಕಾರ ನೋಡಿಯೇ ಜನ ಗುರುತು ಹಿಡಿಯಲಿ ಅಂತ ಬಾಗಿಸಿದರು ಎಂಬ ಕಥೆಯೂ ಓಡಾಡುತ್ತದೆ. ಎರಡನ್ನೂ ಅಷ್ಟಷ್ಟು ನಂಬಬಹುದು. ಲಗ್ ಅಂಚಿನ ಬಳ್ಳಿಕೊರೆತ ನೋಡಿದರೆ ಮಾತ್ರ ಇದು ತುಳಿಯೋಕೆ ಮಾಡಿದ್ದಾ, ದೇವರ ಮನೇಲಿ ಇಡೋಕೆ ಮಾಡಿದ್ದಾ ಅನ್ನಿಸುತ್ತದೆ. ಬೇಟ್ಸ್ ಎಂಬ ಇನ್ನೊಂದು ಶಾಪಿನವರು ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಬಾಗಿಸಿದರು. ಬ್ರಾಡ್‌ಫರ್ಡಿನ ಬೇನ್ಸ್ ಸೋದರರ ಫ್ರೇಮಿಗೆ ಜನ ‘ಹಾರುವ ಗೇಟು’ ಅಂತಲೇ ಹೆಸರಿಟ್ಟರು.

ಎಲ್ಲ ಶಾಪಿನಲ್ಲೂ ಡೆನ್ನಿಯಂಥವರು ಇರಲಿಲ್ಲ. ಎಷ್ಟೋ ಅಂಗಡಿಗಳು ಬೇರೆಯವರಿಂದ ಫ್ರೇಮ್ ಕಟ್ಟಿಸಿ ತಮ್ಮ ಸ್ಟಿಕ್ಕರ್ ಹಾಕಿದವು. ಆಗ ಅದು ಮೋಸ ಅಂತ ಯಾರಿಗೂ ಅನ್ನಿಸಲಿಲ್ಲ. ಅಂಗಡಿ ಮೇಲೆ ನಂಬಿಕೆಯಿತ್ತು, ಸೈಕಲ್ ಚೆನ್ನಾಗಿತ್ತು, ಮುಗೀತು.

1942ರಲ್ಲಿ ಪರ್ಸಿ ಸ್ಟಾಲರ್ಡ್ ಎಂಬ ಸವಾರರು 1890ರ ಆ ನಿಷೇಧ ಮುರಿದು ಲಾಂಗೋಲನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ ಗುಂಪು ರೇಸ್ ನಡೆಸಿದರು. ಅದಾದ ಮೇಲೆ ಹಗುರ ಸೈಕಲ್ಲಿಗೆ ಕೆಲವು ವರ್ಷ ಸುಗ್ಗಿ. ಆಮೇಲೆ ಜನ ಕಾರು ಕೊಂಡರು, ಇಟಲಿಯ ಫ್ರೇಮಿಗೆ ಮನಸೋತರು, ಅಲ್ಯುಮಿನಿಯಂ ಬಂತು, ಕಾರ್ಬನ್ ಬಂತು. ಒಂದೊಂದೇ ಶಾಪ್ ಬಾಗಿಲು ಹಾಕಿದಾಗ ಹೆಸರುಗಳೂ ಬಿಕರಿಯಾದವು. ಲಂಡನ್ನಿನ ಕ್ಲಾಡ್ ಬಟ್ಲರ್ ಕಂಪನಿ 1956ರಲ್ಲಿ ಮುಳುಗಿತು. ಹೆಸರು ಮಾತ್ರ ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ಕಾರ್ಖಾನೆಯ ಸಾಮಾನ್ಯ ಸೈಕಲ್ ಮೇಲೂ ಕೂತಿತು. ಡರ್ಬಿಯ ಮರ್ಸಿಯನ್‌ನದು ಬೇರೆ ಕಥೆ. 1946ರಲ್ಲಿ ಹುಟ್ಟಿದ್ದು, 2024ರಲ್ಲಿ ಮುಚ್ಚುವ ಹಂತಕ್ಕೆ ಬಂದು, ಊರಿನ ಉದ್ಯಮಿಗಳೇ ಕೊಂಡದ್ದರಿಂದ ಉಳಿಯಿತು.

ಸಂಗ್ರಹದ ಗೀಳು ತಡವಾಗಿ ಬಂತು. ಇಂಗ್ಲೆಂಡಿನ ವೆಟರನ್ ಸೈಕಲ್ ಕ್ಲಬ್ ಹುಟ್ಟಿದ್ದು 1955ರಲ್ಲಿ. ಆಗ ಹಳೇದು ಅಂದರೆ ದೊಡ್ಡ ಚಕ್ರದ ಪೆನ್ನಿ ಫಾರ್ದಿಂಗ್ ಕಾಲದ್ದು. 531 ಸೈಕಲ್ಲುಗಳು ಇನ್ನೂ ರಸ್ತೆ ಮೇಲೇ ಓಡಾಡುತ್ತಿದ್ದವು. 1997ರಲ್ಲಿ ಇಟಲಿಯ ಗಾಯೋಲೆಯಲ್ಲಿ 92 ಜನ ಹಳೇ ಸೈಕಲ್ ಹತ್ತಿ ಮಣ್ಣುದಾರಿಯಲ್ಲಿ ‘ಲೆರೋಯಿಕಾ’ ಎಂಬ ಸವಾರಿ ಶುರು ಮಾಡಿದರು. ಈಗ ಅದಕ್ಕೆ ಸಾವಿರಾರು ಜನ ಸೇರುತ್ತಾರೆ. 1987ಕ್ಕಿಂತ ಹಿಂದಿನ ಸೈಕಲ್ ಬೇಕು, ಗೇರ್ ಲಿವರ್ ಫ್ರೇಮ್ ಮೇಲೇ ಇರಬೇಕು ಅಂತೆಲ್ಲ ನಿಯಮ. ಅಟ್ಟದಲ್ಲಿ ತುಕ್ಕು ಹಿಡಿಯುತ್ತಿದ್ದ ಸಾಮಾನಿಗೆ ಬೆಲೆ ಬಂತು. ಬೆಲೆ ಬಂದ ಕಡೆ ಸ್ಟಿಕ್ಕರೂ ಬಂತು. 531 ಸ್ಟಿಕ್ಕರನ್ನು ಯಾವ ಫ್ರೇಮಿಗೆ ಬೇಕಾದರೂ ಅಂಟಿಸಬಹುದು, ಅಲ್ವಾ?

ಅದಕ್ಕೇ ಪಳಗಿದವರು ಸ್ಟಿಕ್ಕರ್ ನೋಡುವುದಿಲ್ಲ. ಸೀಟ್ ಪೋಸ್ಟ್ ಎಳೆದು ಅಳೆಯುತ್ತಾರೆ. 27.2 ಮಿಲಿಮೀಟರ್ ಬಂದರೆ ಪೈಪು ತೆಳುವಾದದ್ದು, 531 ಇದ್ದೀತು. 26ರ ಆಸುಪಾಸು ಬಂದರೆ ಅನುಮಾನ. ಆಮೇಲೆ ಸೈಕಲ್ ಮಗುಚಿ, ಪೆಡಲ್ ಹತ್ತಿರದ ಗ್ರೀಸ್ ಒರೆಸಿ ನಂಬರ್ ಓದುತ್ತಾರೆ. ಫೋರ್ಕಿನ ಮೇಲೂ ಅದೇ ನಂಬರ್ ಇದ್ದರೆ ಎರಡೂ ಒಟ್ಟಿಗೆ ಹುಟ್ಟಿದವು.

ಕಟ್ಟಿದ ಕೈ ಯಾವುದು ಅಂತ ತಿಳಿಯಲು ಮಾತ್ರ ಲಗ್ ಅಂಚಿನ ಅರದ ಗೆರೆ ನೋಡಬೇಕು. ಅದು ಚೆನ್ನಾಗಿ ಕಾಣುವುದು ಪೇಂಟ್ ಕೆರೆದಾಗ. ಕೆರೆದರೆ ಒರಿಜಿನಲ್ ಪೇಂಟ್ ಹೋಯಿತು, ಬೆಲೆಯೂ ಹೋಯಿತು. ನನ್ನನ್ನು ಕೇಳಿದರೆ ಕೆರೆಯಲೇಬೇಡಿ, ಸುಮ್ನೆ ಗಾಳಿ ಹೊಡೆದು ತುಳಿಯಿರಿ. ತಡೆಯೋಕೇ ಆಗದಿದ್ದರೆ ಪೆಡಲ್ ಅಚ್ಚು ಬಿಚ್ಚಿ, ಒಳಗೆ ಟಾರ್ಚ್ ಬಿಡಿ. ನಾಲ್ಕು ಪೈಪು ಸೇರುವ ಆ ಕತ್ತಲಲ್ಲಿ, ಎಂಬತ್ತು ವರ್ಷದ ಹಿಂದೆ ಯಾರೋ ಕಾಯಿಸಿ ಬಿಟ್ಟ ಹಿತ್ತಾಳೆ ಸಂದಿಗುಂಟ ಸಣ್ಣಗೆ ಹಳದಿ ಗೆರೆಯಾಗಿ ಕಾಣುತ್ತದೆ.