ಸೆಟ್ಟರ್ ಇಲ್ಲ, ಆದರೂ ಪಟ್ಟಿ ಖಾಲಿ!

ಎನ್‌ಕ್ಯಾಪ್ಸುಲೇಶನ್ ಅಂದರೆ ಕ್ಲಾಸಿನ ಒಳಗಿನ ಡೇಟಾಕ್ಕೆ ಹೊರಗಿನವರು ನೇರವಾಗಿ ಕೈ ಹಾಕದಂತೆ ಕಾಯುವುದು. ಅದಕ್ಕೆ ಫೀಲ್ಡನ್ನು (ಆ ಡೇಟಾ ಇರುವ ಜಾಗವನ್ನು) ಪ್ರೈವೇಟ್ ಮಾಡು, ಓದೋಕೆ ಗೆಟ್ಟರ್ ಕೊಡು, ಬದಲಿಸೋಕೆ ಸೆಟ್ಟರ್ ಕೊಡು. ಜಾವಾ ಓದುವವರಿಗೆ ಇಷ್ಟು ಬಾಯಿಪಾಠ ಆಗಿರುತ್ತದೆ, ಮತ್ತೆ ಬರೆಯಲ್ಲ. ವೈವಾಕ್ಕೆ ಒಂದು ಮಾತು ಮಾತ್ರ: ಜಾವಾದಲ್ಲಿ ಪ್ರೊಟೆಕ್ಟೆಡ್ ಫೀಲ್ಡ್ ಸಬ್‌ಕ್ಲಾಸಿಗಷ್ಟೇ ಅಲ್ಲ, ಅದೇ ಪ್ಯಾಕೇಜಿನ ಬೇರೆ ಕ್ಲಾಸುಗಳಿಗೂ ಸಿಗುತ್ತದೆ.

ಉದಾಹರಣೆಗೆ ನಮ್ಮ ಕಲಬುರಗಿ ಗಂಜಿನ (ಸಗಟು ಮಾರುಕಟ್ಟೆಯ) ತೊಗರಿಯನ್ನೇ ತಗೊಳ್ಳೋಣ. ಮಾರೋಕೆ ಇಟ್ಟ ಒಂದೊಂದು ರಾಶಿಯೂ ಒಂದು ಲಾಟ್. ಕ್ಲಾಸಿನ ಹೆಸರು ತೊಗರಿಲಾಟ್. ಒಳಗೆ ಲಾಟ್ ನಂಬರ್, ತೂಕ, ವ್ಯಾಪಾರಿಗಳು ಹಾಕಿದ ದರಗಳ ಪಟ್ಟಿ.

ಲಾಟ್ ನಂಬರ್ ಒಮ್ಮೆ ಬಿದ್ದರೆ ಮುಗೀತು. ಫೈನಲ್ ಹಾಕಿ, ಸೆಟ್ಟರ್ ಬೇಡ. ತೂಕ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಸೆಟ್ಟರ್ ಎಕ್ಸೆಪ್ಶನ್ ಎಸೆಯಬೇಕು, ಅಂದರೆ ತಪ್ಪು ಅಂತ ಅಲ್ಲೇ ತಡೆಯಬೇಕು. ಏನೂ ನೋಡದೆ ಬಂದದ್ದನ್ನು ಸುಮ್ನೆ ಇಟ್ಟುಕೊಳ್ಳುವ ಸೆಟ್ಟರ್ ಇದ್ದರೆಷ್ಟು, ಫೀಲ್ಡ್ ಪಬ್ಲಿಕ್ ಆಗಿದ್ದರೆಷ್ಟು?

ತಲೆ ಕೆಡಿಸುವುದು ದರಗಳ ಪಟ್ಟಿ. ಅದು ಪ್ರೈವೇಟ್, ಫೈನಲ್, ಸೆಟ್ಟರೂ ಇಲ್ಲ. ಗೆಟ್ಟರ್ ಒಂದೇ ಇದೆ. ಆದರೂ ಹೊರಗಿನವರು ಗೆಟ್ಟರಿನಿಂದ ಪಟ್ಟಿ ತಗೊಂಡು ಅದರ ಮೇಲೆ ಕ್ಲಿಯರ್ (ಪಟ್ಟಿ ಖಾಲಿ ಮಾಡುವ ಮೆಥಡ್) ಕರೆದರೆ ಲಾಟಿನ ಒಳಗಿನ ದರಗಳೆಲ್ಲ ಮಾಯ!

ಯಾಕೆ? ಫೀಲ್ಡಿನಲ್ಲಿ ಪಟ್ಟಿ ಇರಲ್ಲ, ಪಟ್ಟಿ ಎಲ್ಲಿದೆ ಅನ್ನುವ ರೆಫರೆನ್ಸ್ ಇರುತ್ತದೆ. ಗೆಟ್ಟರ್ ಆ ರೆಫರೆನ್ಸಿನ ನಕಲು ಕೊಡುತ್ತದೆ. ಈಗ ರೆಫರೆನ್ಸ್ ಎರಡು, ಪಟ್ಟಿ ಒಂದೇ. ಪ್ರೈವೇಟ್ ತಡೆಯುವುದು ಆ ಫೀಲ್ಡಿನ ಹೆಸರನ್ನು ಹೊರಗೆ ಬಳಸುವುದನ್ನು. ಫೈನಲ್ ತಡೆಯುವುದು ಆ ಫೀಲ್ಡಿಗೆ ಬೇರೆ ಪಟ್ಟಿ ಹಚ್ಚುವುದನ್ನು. ಪಟ್ಟಿಯ ಒಳಗೆ ಕೈ ಹಾಕುವುದನ್ನು ಎರಡೂ ತಡೆಯಲ್ಲ. ತೂಕಕ್ಕೆ ಈ ಕಾಟ ಇಲ್ಲ, ಅದು ಡಬಲ್ ಅನ್ನುವ ಸಂಖ್ಯೆಯ ಟೈಪ್, ಮೌಲ್ಯವೇ ನಕಲಾಗಿ ಹೋಗುತ್ತದೆ. ಸ್ಟ್ರಿಂಗ್ (ಅಕ್ಷರಗಳ ಸಾಲು) ರೆಫರೆನ್ಸೇ ಆದರೂ ಅದನ್ನು ತಿದ್ದೋಕೆ ಬರಲ್ಲ, ಹಾಗಾಗಿ ಬಚಾವ್.

ಪರಿಹಾರ ಎರಡಿವೆ. ಗೆಟ್ಟರಿನಲ್ಲಿ ಕಲೆಕ್ಷನ್ಸ್‌ನ ಅನ್‌ಮಾಡಿಫೈಯಬಲ್‌ಲಿಸ್ಟ್ ಕೊಡಬಹುದು, ಇಲ್ಲವೇ ಜಾವಾ 10ರಲ್ಲಿ ಬಂದ ಲಿಸ್ಟ್‌ನ ಕಾಪಿಆಫ್ ಕೊಡಬಹುದು. ಎರಡರಲ್ಲೂ ಹೊರಗಿನಿಂದ ಆಡ್ ಕರೆದರೆ ಎಕ್ಸೆಪ್ಶನ್ ಬರುತ್ತದೆ. ಹಾಗಾದರೆ ಎರಡೂ ಒಂದೇ ಅಲ್ವಾ? ಅಲ್ಲ. ಒಳಗೆ 7000, 7150, 7200 ಇವೆ ಅಂದುಕೊಳ್ಳಿ. ಹೊರಗಿನವರು ಗೆಟ್ಟರ್ ಕರೆದು ಪಟ್ಟಿ ಇಟ್ಟುಕೊಂಡರು. ಆಮೇಲೆ ಲಾಟ್ ತಾನೇ 7300 ಸೇರಿಸಿತು. ಮೊದಲನೆಯದರಲ್ಲಿ ಅವರ ಕೈಯಲ್ಲಿರುವ ಪಟ್ಟಿಯ ಸೈಜ್ 4, ಅದು ಮೂಲ ಪಟ್ಟಿಯ ಕಿಟಕಿ. ಎರಡನೆಯದರಲ್ಲಿ 3, ಅದು ಆ ಗಳಿಗೆಯ ನಕಲು.

ಕನ್‌ಸ್ಟ್ರಕ್ಟರಿನಲ್ಲೂ ಇದೇ ತೂತು. ಹೊರಗಿಂದ ಬಂದ ಪಟ್ಟಿಯನ್ನು ಹಾಗೇ ಫೀಲ್ಡಿಗೆ ಹಚ್ಚಬೇಡಿ, ಹೊಸ ಅರೇಲಿಸ್ಟ್ ಮಾಡಿ ಅದಕ್ಕೆ ತುಂಬಿಸಿಕೊಳ್ಳಿ.

ಸಿ ಶಾರ್ಪ್‌ನಲ್ಲಿ ಪ್ರಾಪರ್ಟಿಗೆ ಪ್ರೈವೇಟ್ ಸೆಟ್ ಅಂತ ಬರೆದರೂ ಪಟ್ಟಿಯ ಕಥೆ ಇದೇ. ಪೈಥಾನ್‌ನಲ್ಲಿ ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್ ಹಾಕಿದರೆ ಬೀಗ ಬೀಳಲ್ಲ, ಒಳಗೆ ಹೆಸರು ಬದಲಾಗುತ್ತದೆ ಅಷ್ಟೇ.

ಕೊನೆಗೆ ಕಾಪಿಆಫ್ ಬಗ್ಗೆ ಒಂದು ಮಾತು: ಅದು ಪಟ್ಟಿಯನ್ನು ಮಾತ್ರ ನಕಲು ಮಾಡುತ್ತದೆ, ಒಳಗಿನ ವಸ್ತುಗಳನ್ನಲ್ಲ. ದರ ಇಂಟಿಜರ್ ಆಗಿದ್ದರೆ ಚಿಂತೆ ಇಲ್ಲ. ಸೆಟ್ಟರ್ ಇರುವ ಬಿಡ್ ಅನ್ನುವ ಕ್ಲಾಸ್ ಮಾಡಿ ಅದರ ಪಟ್ಟಿ ಇಟ್ಟಿದ್ದರೆ, ಕಾಪಿಆಫ್ ಕೊಟ್ಟರೂ ಹೊರಗಿನವರು ಒಂದೊಂದೇ ಬಿಡ್ ತಗೊಂಡು ದರ ತಿದ್ದಬಹುದು.