ಮಾತಿಲ್ಲದ ಚಿತ್ರಸಂಗೀತಕ್ಕೆ ಗಂಟಲು ಕಟ್ಟುವುದೇಕೆ?

ಪ್ರಶ್ನೆ: ಕ್ರಿಸ್‌ಮಸ್ ರಜೆಗೆ ಬಂದ ಮಗಳು ‘ಸ್ಟಾರ್ ವಾರ್ಸ್’ ಚಿತ್ರದ ಸಂಗೀತದ ರೆಕಾರ್ಡನ್ನು ಉಡುಗೊರೆಯಾಗಿ ಕೊಟ್ಟಳು. ಚಿತ್ರ ನೋಡಿ ಎಷ್ಟೋ ವರ್ಷಗಳಾದವು, ಕಥೆಯೂ ಸರಿಯಾಗಿ ನೆನಪಿಲ್ಲ. ಆದರೂ ಈ ವಾದ್ಯಸಂಗೀತ ಕೇಳುವಾಗ ಗಂಟಲು ಕಟ್ಟುತ್ತದೆ. ಏಕೆ?

ಉತ್ತರ: ಕಥೆ ಮರೆತಿರಬಹುದು, ಆದರೆ ನಿಮ್ಮ ಕಿವಿ ಮರೆತಿಲ್ಲ, ಜಾನ್ ವಿಲಿಯಮ್ಸ್ ಈ ಸಂಗೀತವನ್ನು ಕಟ್ಟಿರುವುದೇ ಕಿವಿಯ ಆ ನೆನಪನ್ನು ನಂಬಿಕೊಂಡು. ಪಾತ್ರಕ್ಕೊಂದು, ಭಾವಕ್ಕೊಂದು ಪುಟ್ಟ ಧಾಟಿಯನ್ನು ಕೊಟ್ಟು, ಕಥೆಯುದ್ದಕ್ಕೂ ಅದನ್ನು ಬೇರೆ ಬೇರೆ ವಾದ್ಯಗಳಲ್ಲಿ ಮರಳಿ ತರುವ ಕ್ರಮವನ್ನು 19ನೆಯ ಶತಮಾನದಲ್ಲಿ ಜರ್ಮನಿಯ ವಾಗ್ನರ್ ತಮ್ಮ ಸಂಗೀತನಾಟಕಗಳಲ್ಲಿ ಬೆಳೆಸಿದರು. ವಿಯೆನ್ನಾದಲ್ಲಿ ಬೆಳೆದ ಮ್ಯಾಕ್ಸ್ ಸ್ಟೈನರ್, ಕೋರ್ನ್‌ಗೋಲ್ಡ್ ಮುಂತಾದ ಸಂಗೀತ ಸಂಯೋಜಕರು 1930ರ ದಶಕದಲ್ಲಿ ಅದನ್ನು ಹಾಲಿವುಡ್‌ನಲ್ಲಿ ನೆಲೆಗೊಳಿಸಿದರು. 1977ರಲ್ಲಿ ವಿಲಿಯಮ್ಸ್ ಲಂಡನ್ ಸಿಂಫನಿ ಆರ್ಕೆಸ್ಟ್ರಾದಿಂದ ನುಡಿಸಿದ್ದು ಇದೇ ಪರಂಪರೆಯ ಸಂಗೀತ.

ಒಂದೇ ಒಂದು ಧಾಟಿಯನ್ನು ಹಿಂಬಾಲಿಸಿ ನೋಡೋಣ. ಊರು ಬಿಟ್ಟು ಹೋಗಲು ಅನುಮತಿ ಸಿಗದ ಚಿತ್ರದ ನಾಯಕ, ತರುಣ ಲ್ಯೂಕ್, ಮನೆಯಿಂದ ಹೊರಗೆ ಬಂದು ತನ್ನ ಗ್ರಹದ ಆಕಾಶದಲ್ಲಿ ಮುಳುಗುತ್ತಿರುವ ಎರಡು ಸೂರ್ಯರನ್ನು ನೋಡುತ್ತ ನಿಲ್ಲುತ್ತಾನೆ. ಅವನು ಒಂದು ಮಾತನ್ನೂ ಆಡುವುದಿಲ್ಲ. ಫ್ರೆಂಚ್ ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯವೊಂದೇ ಮೆಲ್ಲನೆ ಧಾಟಿಯನ್ನು ಎತ್ತಿಕೊಳ್ಳುತ್ತದೆ. ಬಳಿಕ ಪಿಟೀಲುಗಳೆಲ್ಲ ಸೇರಿ ಅದನ್ನು ಮೇಲಕ್ಕೆ ಒಯ್ಯುತ್ತವೆ. ಚಿತ್ರದ ಕೊನೆಯಲ್ಲಿ ಅದೇ ಲ್ಯೂಕ್ ಪದಕ ಪಡೆಯಲು ಸಭಾಂಗಣದಲ್ಲಿ ನಡೆದು ಬರುವಾಗ, ಅಂದು ಒಂಟಿಯಾಗಿ ಕೇಳಿಸಿದ್ದ ಆ ಧಾಟಿ ಈಗ ಹಿತ್ತಾಳೆ ವಾದ್ಯಗಳ ಪೂರ್ಣ ಮೇಳದಲ್ಲಿ ಮೆರವಣಿಗೆಯ ನಡೆಯಾಗಿ ಬರುತ್ತದೆ. ಆ ಎರಡು ಗಳಿಗೆಗಳ ನಡುವಿನ ದೂರವನ್ನು ಯಾವ ಸಂಭಾಷಣೆಯೂ ಇಷ್ಟು ನೇರವಾಗಿ ಎದೆಗೆ ಮುಟ್ಟಿಸಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪರಿಚಿತ ಧಾಟಿ ಇನ್ನೇನು ಬರಲಿದೆ ಎಂಬ ಕಾತರವೂ ಇದರಲ್ಲಿ ಸೇರಿದೆ. ಮೆಚ್ಚಿನ ಸಂಗೀತ ಕೇಳುವಾಗ ಮೈ ಜುಮ್ಮೆನ್ನುವ ಕ್ಷಣದಲ್ಲಷ್ಟೇ ಅಲ್ಲ, ಅದಕ್ಕೆ ತುಸು ಮೊದಲೇ, ನಿರೀಕ್ಷೆಯಲ್ಲಿಯೂ ಮಿದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕ ಸ್ರವಿಸುತ್ತದೆ ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದರು.

ಕರ್ನಾಟಕ ಸಂಗೀತದ ಕೇಳ್ಮೆ ಇರುವವರಿಗೆ ಇನ್ನೊಂದು ಸುಖವಿದೆ. ಚಿತ್ರದ ಮುಖ್ಯ ಧಾಟಿ ಷಡ್ಜದಿಂದ ಪಂಚಮಕ್ಕೆ ನೆಗೆದು, ಮ-ಗ-ರಿ ಎಂದು ಇಳಿದು, ಮತ್ತೆ ತಾರಸ್ಥಾಯಿಯ ಷಡ್ಜಕ್ಕೆ ಹಾರುತ್ತದೆ. ನಮ್ಮ ಶಂಕರಾಭರಣ ರಾಗದವೇ ಸ್ವರಗಳು. ನಮ್ಮಲ್ಲಿ ಭಾವವು ಸ್ವರವನ್ನು ಬಳುಕಿಸುವ ಗಮಕದಲ್ಲಿ ಅರಳಿದರೆ, ಅಲ್ಲಿ ಆ ಕೆಲಸವನ್ನು ಧಾಟಿಯ ಕೆಳಗೆ ಏಕಕಾಲಕ್ಕೆ ನುಡಿಯುವ ಸ್ವರಗುಚ್ಛಗಳು ಮಾಡುತ್ತವೆ: ಮೇಲಿನ ಸ್ವರ ಅದೇ ಇದ್ದರೂ, ಕೆಳಗಿನವು ಬದಲಾದ ಕೂಡಲೇ ಬೆಳಕಿದ್ದ ಕಡೆ ನೆರಳು ಬಿದ್ದಂತಾಗುತ್ತದೆ.

ಆದ್ದರಿಂದ ಈ ರೆಕಾರ್ಡನ್ನು ಮನೆಗೆಲಸದ ಹಿನ್ನೆಲೆಗೆ ಹಾಕಬೇಡಿ. ರಜೆ ಮುಗಿಯುವ ಮುನ್ನ ಒಂದು ಸಂಜೆ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಆ ಹಾರ್ನಿನ ಧಾಟಿ ಎಲ್ಲೆಲ್ಲಿ, ಯಾವ ವಾದ್ಯದಲ್ಲಿ ಮರಳುತ್ತದೆ ಎಂದು ಇಬ್ಬರೂ ಕಿವಿಗೊಟ್ಟು ಹುಡುಕಿ.